ಶ್ರೀನಿವಾಸ್, ಪಿ. ಬಿ.: ಕನ್ನಡ ಧ್ವನಿಮುದ್ರಣಗಳು ಮತ್ತು ಒಡನಾಟಗಳು

ಪ್ರತಿವಾದಿ ಭಯಂಕರಂ ಶ್ರೀನಿವಾಸ್ (1930–2013) ದಕ್ಷಿಣ ಭಾರತದ ಹಿನ್ನೆಲೆ ಗಾಯಕ, ಬಹುಭಾಷಾ ಕವಿ. ಮನೆಮಾತು ತೆಲುಗು, ನೆಲೆ ಮದರಾಸು. ಆದರೂ 1950ರ ದಶಕದ ಕೊನೆಯಿಂದ 1970ರ ದಶಕದ ನಡುವಿನವರೆಗೆ ಕನ್ನಡಿಗರು ಗಂಡುದನಿಯ ಚಿತ್ರಗೀತೆ ಎಂದರೆ ಮೊದಲು ನೆನೆಯುತ್ತಿದ್ದುದು ಇವರನ್ನೇ. ರಾಜ್‌ಕುಮಾರ್ ಅವರ ಹಾಡಿನ ದನಿಯಾಗಿ ಇವರ ಹೆಸರು ಉಳಿದಿದೆ. ತಾನು ಶರೀರ, ಶ್ರೀನಿವಾಸ್ ಶಾರೀರ ಎಂದು ರಾಜ್‌ಕುಮಾರ್ ಅವರೇ ಹೇಳುತ್ತಿದ್ದರು. ಆ ಮಾತಿನ ಪ್ರೀತಿ ದೊಡ್ಡದು. ಆದರೆ ಇವರನ್ನು ಬರೀ ಒಬ್ಬ ನಟನ ನೆರಳಾಗಿ ನೋಡಿದರೆ ಕನ್ನಡದ ಹಾಡುಗಾರಿಕೆಯಲ್ಲಿ ಇವರು ತಂದ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ನಾಟಕದ ಕಂಪನಿಗಳಿಂದ ಬಂದ ಎತ್ತರದ, ತುಂಬುಕಂಠದ ಹಾಡಿಕೆಯನ್ನು ಮೈಕಿನ ಹತ್ತಿರಕ್ಕೆ ತಂದು, ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತಿನ ಮಟ್ಟಕ್ಕೆ ಇಳಿಸಿದವರಲ್ಲಿ ಇವರು ಮೊದಲಿಗರು.

ಹುಟ್ಟಿದ್ದು 1930ರ ಸೆಪ್ಟೆಂಬರ್ 22ರಂದು, ಆಂಧ್ರದ ಕಾಕಿನಾಡದಲ್ಲಿ. ತಂದೆ ಫಣೀಂದ್ರಸ್ವಾಮಿ, ತಾಯಿ ಶೇಷಗಿರಿಯಮ್ಮ. ಬಿ.ಕಾಂ. ಓದಿದರು, ಹಿಂದಿಯಲ್ಲಿ ವಿಶಾರದರಾದರು. ಮಗ ಸರ್ಕಾರಿ ಕೆಲಸಕ್ಕೆ ಸೇರಲೆಂಬುದು ಮನೆಯವರ ಆಸೆಯಾಗಿದ್ದರೆ ಮಗನ ಮನಸ್ಸು ಮಹಮ್ಮದ್ ರಫಿಯ ಹಾಡುಗಳಲ್ಲಿತ್ತು. ವೀಣೆಯ ವಿದ್ವಾಂಸ ಈಮನಿ ಶಂಕರಶಾಸ್ತ್ರಿಗಳು ಜೆಮಿನಿ ಸಂಸ್ಥೆಯಲ್ಲಿದ್ದಾಗ, ಆರ್. ಕೆ. ನಾರಾಯಣ್ ಅವರ ಕಾದಂಬರಿಯನ್ನು ಆಧರಿಸಿದ ಹಿಂದಿ ಚಿತ್ರ 'ಮಿಸ್ಟರ್ ಸಂಪತ್'ನಲ್ಲಿ (1952) ಇವರ ದನಿ ಮೊದಲ ಬಾರಿಗೆ ತೆರೆಯ ಮೇಲೆ ಕೇಳಿಸಿತು. ಮರುವರ್ಷವೇ ಆರ್. ನಾಗೇಂದ್ರರಾಯರ 'ಜಾತಕಫಲ'ದಿಂದ (1953) ಕನ್ನಡಕ್ಕೆ ಬಂದರು.

ಮೆಲುದನಿಯ ಹಿನ್ನೆಲೆ

ಅಮೆರಿಕದಲ್ಲಿ 1925ರ ಹೊತ್ತಿಗೆ ವಿದ್ಯುತ್ ಮೈಕಿನ ಮೂಲಕ ಧ್ವನಿ ಮುದ್ರಿಸುವುದು ಶುರುವಾಯಿತು. ಅದಕ್ಕೆ ಮುಂಚೆ ತಗಡಿನ ಕೊಳವೆಯೊಳಕ್ಕೆ ಗಂಟಲು ಬಿಟ್ಟು ಹಾಡದಿದ್ದರೆ ಪ್ಲೇಟಿನ ಮೇಲೆ ಏನೂ ಮೂಡುತ್ತಿರಲಿಲ್ಲ. ಮೈಕು ಬಂದ ಮೇಲೆ ಬಿಂಗ್ ಕ್ರಾಸ್ಬಿ, ಅವರ ಹಿಂದೆ ಫ್ರಾಂಕ್ ಸಿನಾಟ್ರ, ಜಾಜ್ ಪಿಯಾನೋದಿಂದ ಹಾಡಿಗೆ ಬಂದ ನ್ಯಾಟ್ ಕಿಂಗ್ ಕೋಲ್ ಮುಂತಾದವರು ಉಸಿರು ಕೂಡ ಕೇಳುವಷ್ಟು ಮೆತ್ತಗೆ ಹಾಡುವ ಬಗೆಯೊಂದನ್ನು ಬೆಳೆಸಿದರು. ಮುಂಬಯಿಯಲ್ಲಿ ತಲತ್ ಮಹಮೂದ್ ಹಾಡಿದ್ದು ಇದೇ ದಾರಿಯಲ್ಲಿ. ಕನ್ನಡ ಚಿತ್ರರಂಗಕ್ಕೆ ಇದು ತಡವಾಗಿ ಬಂತು, ಕಾರಣ ಸರಳ. ಇಲ್ಲಿನ ನಟರೂ ಕಥೆಗಳೂ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳಿಂದ ಬಂದವು. ಅಲ್ಲಿ ಕೊನೆಯ ಸಾಲಿನವನಿಗೂ ಕೇಳುವಂತೆ ಹಾಡುವುದೇ ಕಸುಬಿನ ಮೊದಲ ಪಾಠ. 'ಬೇಡರ ಕಣ್ಣಪ್ಪ'ದಲ್ಲಿ (1954) ರಾಜ್‌ಕುಮಾರ್ ಅವರಿಗೆ ದನಿ ಕೊಟ್ಟ ಸಿ. ಎಸ್. ಜಯರಾಮನ್ ಅವರ ಹಾಡಿಕೆಯಲ್ಲಿ ಆ ರಂಗಭೂಮಿಯ ಕಾವು ಇನ್ನೂ ಇದೆ. ಘಂಟಸಾಲ ಅವರದು ಇನ್ನೊಂದು ದಾರಿ: ಪದ್ಯವನ್ನು ತುಂಬುಗಂಟಲಿನಲ್ಲಿ ಎತ್ತಿ ನಿಲ್ಲಿಸುವ ದಾರಿ. 'ವೀರಕೇಸರಿ'ಯ (1963) 'ಮೆಲ್ಲುಸಿರೆ ಸವಿಗಾನ'ದಂಥ ಪ್ರಣಯಗೀತೆಯನ್ನು ಹಾಡುವಾಗಲೂ ಅವರ ದನಿಯ ಗಾತ್ರ ಕುಗ್ಗುವುದಿಲ್ಲ.

ಶ್ರೀನಿವಾಸ್ ಹಾಡುತ್ತಿದ್ದುದು ಹೆಚ್ಚಾಗಿ ಮಂದ್ರ ಮತ್ತು ಮಧ್ಯ ಸ್ಥಾಯಿಯಲ್ಲಿ. ಗಮಕ ಕಡಿಮೆ, ಇದ್ದಲ್ಲಿಯೂ ಸಾಲಿನ ಕೊನೆಗೆ ಒಂದು ಸಣ್ಣ ಬಳುಕು, ಅಷ್ಟೆ. ಒತ್ತಕ್ಷರವನ್ನು ಕುಟ್ಟದೆ, ಮಹಾಪ್ರಾಣವನ್ನು ನುಂಗದೆ ಹೇಳುವ ಅವರ ಉಚ್ಚಾರವನ್ನು ಕೇಳಿದರೆ ಸಂಸ್ಕೃತ ಮತ್ತು ಉರ್ದು ಎರಡನ್ನೂ ಪ್ರೀತಿಯಿಂದ ಕಲಿತ ನಾಲಿಗೆ ಇದು ಎಂದು ಗೊತ್ತಾಗುತ್ತದೆ. ತೆಲುಗಿನ ಮನೆಯಿಂದ ಬಂದವರ ಕನ್ನಡದಲ್ಲಿ ಪರಕೀಯತೆ ಎಲ್ಲಿಯೂ ತೋರದಿರುವುದು ಸಣ್ಣ ಸಾಧನೆಯಲ್ಲ. 'ಕುಲವಧು' ಚಿತ್ರದ (1963) 'ಒಲವಿನ ಪ್ರಿಯಲತೆ' ಈ ಶೈಲಿಯ ಒಳ್ಳೆಯ ಮಾದರಿ. ಹಾಡು ಎತ್ತರಕ್ಕೆ ಹೋಗಲು ಅವಕಾಶವಿದ್ದ ಕಡೆಯಲ್ಲೂ ಗಾಯಕ ದನಿಯನ್ನು ಹಿಗ್ಗಿಸುವುದಿಲ್ಲ. ಭಾವವನ್ನು ಮಾತಿನ ನಡುವಿನ ಬಿಡುವಿಗೆ ಬಿಟ್ಟುಕೊಡುತ್ತಾರೆ.

ಇದೇ ಕಾಲಕ್ಕೆ ತಮಿಳಿನಲ್ಲಿ ಇವರು ಜೆಮಿನಿ ಗಣೇಶನ್ ಅವರ ದನಿಯಾಗಿದ್ದರು. ಆದಿನಾರಾಯಣರಾವ್ ಸಂಗೀತದ 'ಅಡುತ್ತ ವೀಟ್ಟು ಪೆಣ್' (1960), ವಿಶ್ವನಾಥನ್–ರಾಮಮೂರ್ತಿ ಜೋಡಿಯ 'ಪಾವ ಮನ್ನಿಪ್ಪು' (1961) ಮತ್ತು 'ಸುಮೈತಾಂಗಿ' (1962) ಚಿತ್ರಗಳ ಹಾಡುಗಳಿಂದ ಈ ಮೆಲುದನಿ ತಮಿಳರ ಮನೆಮನೆಗೆ ತಲುಪಿತು. ಎಂ. ಎಸ್. ಬಾಬುರಾಜ್ ಅವರ ಸಂಗೀತದಲ್ಲಿ ಮಲಯಾಳಂನಲ್ಲಿ ಹಾಡಿದರು. ಚಿತ್ರಗುಪ್ತ್ ಸಂಗೀತದ ಹಿಂದಿ ಚಿತ್ರ 'ಮೈಂ ಭೀ ಲಡ್ಕೀ ಹೂಂ'ನಲ್ಲಿ (1964) ಲತಾ ಮಂಗೇಶ್ಕರ್ ಜೊತೆ ಯುಗಳಗೀತೆ ಹಾಡಿದರು. ಆದರೆ ಭಕ್ತಿ, ಪ್ರೇಮ, ನೀತಿ, ನಾಡಗೀತೆ, ಲಾವಣಿ ಎಂದು ಎಲ್ಲ ಬಗೆಯ ಹಾಡುಗಳ ಹೊರೆಯನ್ನು ಇವರ ಹೆಗಲಿಗೆ ಹೊರಿಸಿದ್ದು ಕನ್ನಡವೇ.

ಮದರಾಸಿನ ಥಿಯೇಟರು, ಮೆಜೆಸ್ಟಿಕ್ಕಿನ ಟಾಕೀಸು

ಶ್ರೀನಿವಾಸ್ ಹಾಡಿದ ಬಹುಪಾಲು ಕನ್ನಡ ಗೀತೆಗಳು ಮುದ್ರಣವಾದದ್ದು ಮದರಾಸಿನಲ್ಲಿ. ಬೆಂಗಳೂರಿನಲ್ಲಿ ಚಿತ್ರಗೀತೆಗೆ ತಕ್ಕ ಧ್ವನಿಮುದ್ರಣ ಕೇಂದ್ರ ಬಂದದ್ದು 1980ರ ದಶಕದಲ್ಲಿ, ಶಂಕರ್‌ನಾಗ್ ಕಟ್ಟಿದ ಸಂಕೇತ್ ಸ್ಟುಡಿಯೋದ ಮೂಲಕ. ಅಲ್ಲಿಯವರೆಗೆ ನಿರ್ಮಾಪಕರು, ಗೀತಕಾರರು, ಸಂಗೀತ ನಿರ್ದೇಶಕರು ಎಲ್ಲರೂ ಮದರಾಸಿನ ಹಾದಿ ಹಿಡಿಯುತ್ತಿದ್ದರು. ವಾದ್ಯಗಾರರು, ಗಾಯಕರು ಒಂದೇ ಕೋಣೆಯಲ್ಲಿ ಕೂಡಿ, ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹಾಡು ಮುಗಿಸಬೇಕಿತ್ತು. ಯಾರೊಬ್ಬರು ತಪ್ಪಿದರೂ ಮತ್ತೆ ಮೊದಲಿಂದ. ಆ ಹಾಡುಗಳಲ್ಲಿ ಗಾಯಕ ಮತ್ತು ವಾದ್ಯಗಳು ಒಂದನ್ನೊಂದು ಆಲಿಸುತ್ತಿರುವಂತೆ ಕೇಳಿಸುವುದಕ್ಕೆ ಕಾರಣ ಇದೇ. ಬೇರೆ ಬೇರೆ ಟ್ರ್ಯಾಕುಗಳಲ್ಲಿ ಮುದ್ರಿಸಿ ಕೂಡಿಸುವ ಪದ್ಧತಿ ಬಂದ ಮೇಲೆ ಅದು ಮರಳಲಿಲ್ಲ.

ಅಲ್ಲಿ ಮುದ್ರಣವಾದ ಹಾಡಿನ ಹಣೆಬರಹ ತೀರ್ಮಾನವಾಗುತ್ತಿದ್ದುದು ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ. ಧರ್ಮಾಂಬುಧಿ ಕೆರೆ ಬತ್ತಿದ ಬಯಲಿನ ಸುತ್ತ, ಕೆಂಪೇಗೌಡ ರಸ್ತೆ ಮತ್ತು ಗಾಂಧಿನಗರದ ಗಲ್ಲಿಗಳಲ್ಲಿ ಸಾಗರ್, ಕೆಂಪೇಗೌಡ, ಸ್ಟೇಟ್ಸ್, ಹಿಮಾಲಯ, ಗೀತಾ, ಪ್ರಭಾತ್, ಅಲಂಕಾರ್, ಕಲ್ಪನಾ, ಮೇನಕಾ, ಕಪಾಲಿ, ತ್ರಿವೇಣಿ ಎಂದು ಸಾಲುಗಟ್ಟಿ ಚಿತ್ರಮಂದಿರಗಳಿದ್ದವು. ಆ ಪ್ರದೇಶಕ್ಕೇ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸು ಅವುಗಳ ನಡುವೆ. ರಾಜ್ಯದ ಊರೂರಿಂದ ಬಂದ ಬಸ್ಸು, ರೈಲುಗಳು ಜನರನ್ನು ಇಳಿಸುತ್ತಿದ್ದುದು ಈ ಪ್ರದೇಶದ ಬಾಗಿಲಲ್ಲೇ. ಚಿತ್ರ ಬಿಟ್ಟಾಗ ಹೊರಗೆ ಪದ್ಯಾವಳಿ ಮಾರಾಟಕ್ಕಿರುತ್ತಿತ್ತು. ಕೆಲವೇ ಪುಟಗಳ ಆ ಹಾಡಿನ ಪುಸ್ತಕದಲ್ಲಿ ಕಥಾಸಾರ, ಹಾಡುಗಳ ಸಾಹಿತ್ಯ, ಹಾಡಿದವರ ಹೆಸರು ಇರುತ್ತಿದ್ದವು. ಗ್ರಾಮಫೋನ್ ಇಲ್ಲದ ಬಹುಸಂಖ್ಯಾತರ ಪಾಲಿಗೆ ಹಾಡನ್ನು ಮನೆಗೆ ಒಯ್ಯುವ ದಾರಿ ಇದೊಂದೇ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರು ಈ ಪುಸ್ತಕಗಳನ್ನು ಹಿಡಿದೇ ಹಾಡುತ್ತಿದ್ದರು.

ಆಕಾಶವಾಣಿಯ ಪಾಲೂ ಇದೆ. 1952ರ ಸುಮಾರಿಗೆ ಕೇಂದ್ರ ಸಚಿವ ಬಿ. ವಿ. ಕೇಸ್ಕರ್ ಚಿತ್ರಗೀತೆಗಳಿಗೆ ಆಕಾಶವಾಣಿಯ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿದ್ದರು; 1957ರಲ್ಲಿ ವಿವಿಧ ಭಾರತಿ ಶುರುವಾದ ಮೇಲೆ ಅದು ತೆರೆಯಿತು. ಶ್ರೀನಿವಾಸ್ ಕನ್ನಡದಲ್ಲಿ ನೆಲೆಯೂರಿದ್ದು ಸರಿಯಾಗಿ ಆ ಬಳಿಕವೇ. ಸಣ್ಣ ರೇಡಿಯೊದ ಮುಂದೆ ಕೂತವರಿಗೆ ಈ ದನಿ ಹಿಡಿಸಿದ್ದು ಆಕಸ್ಮಿಕವಲ್ಲ. ಮೈಕಿಗಾಗಿಯೇ ಹದಗೊಂಡ ದನಿ ಅದು, ಸಭೆಯನ್ನು ಉದ್ದೇಶಿಸಿದ್ದಲ್ಲ.

ಸಂಗೀತ ನಿರ್ದೇಶಕರ ಜೊತೆ

'ಭಕ್ತ ಕನಕದಾಸ' (1960) ಶ್ರೀನಿವಾಸ್ ಅವರ ಕನ್ನಡ ಬದುಕಿನ ತಿರುವು. ಎಂ. ವೆಂಕಟರಾಜು ಸಂಗೀತ ಕೊಟ್ಟ 'ಬಾಗಿಲನು ತೆರೆದು' ಹಾಡಿನಲ್ಲಿ ಕನಕನ ಅಳಲು ಗಂಟಲು ಹರಿಯುವ ಕೂಗಾಗದೆ ಒಳಗಿಂದ ಒಳಕ್ಕೆ ಇಳಿಯುವ ಮೊರೆಯಾಗುತ್ತದೆ. ದಾಸರ ಪದವನ್ನು ಭಜನೆಯ ಗಟ್ಟಿದನಿಯಲ್ಲೂ ಕಚೇರಿಯ ವಿಸ್ತಾರದಲ್ಲೂ ಕೇಳಿ ರೂಢಿಯಿದ್ದ ಕನ್ನಡಿಗರಿಗೆ ಇದು ಹೊಸದು. ಮುಂದೆ 'ಮಂತ್ರಾಲಯ ಮಹಾತ್ಮೆ'ಯ (1966) 'ಇಂದು ಎನಗೆ ಗೋವಿಂದ', 'ಭಕ್ತ ಕುಂಬಾರ'ದ (1974) 'ಮಾನವ ಮೂಳೆ ಮಾಂಸದ ತಡಿಕೆ' ಇದೇ ದಾರಿಯನ್ನು ಹಿಡಿದವು. ಕೊನೆಯ ಹಾಡಿನಲ್ಲಿ ವೈರಾಗ್ಯದ ಮಾತಿಗೂ ತಮಟೆಯ ಲಯಕ್ಕೆ ಹೊಂದುವ ಹುರುಪನ್ನು ಅವರು ಕೊಟ್ಟಿದ್ದಾರೆ. ಮೆಲುದನಿಯವರು ಲವಲವಿಕೆಯಲ್ಲಿ ಹಿಂದೆ ಬೀಳುತ್ತಾರೆಂಬ ಮಾತಿಗೆ ಅದೇ ಉತ್ತರ.

ಇವರಿಂದ ಅತಿ ಹೆಚ್ಚು ಬಗೆಯ ಹಾಡುಗಳನ್ನು ಹಾಡಿಸಿದವರು ಜಿ. ಕೆ. ವೆಂಕಟೇಶ್. ವೀಣೆ ಬಲ್ಲವರು, ಆದರೆ ಗಿಟಾರು, ಅಕಾರ್ಡಿಯನ್, ಬಾಂಗೊ, ಟ್ರಂಪೆಟ್ಟುಗಳನ್ನು ಕನ್ನಡದ ರಾಗಕ್ಕೆ ಹೊಂದಿಸುವುದರಲ್ಲಿ ಅವರಿಗೆ ಸಮ ಇರಲಿಲ್ಲ. ಅವರ ಬಳಿ ಸಹಾಯಕರಾಗಿ ಗಿಟಾರ್ ನುಡಿಸುತ್ತಿದ್ದ ಯುವಕನೇ ಮುಂದೆ ಇಳಯರಾಜ ಎಂದು ಹೆಸರಾದರು. 'ಜೇಡರ ಬಲೆ' (1968), 'ಗೋವಾದಲ್ಲಿ ಸಿ.ಐ.ಡಿ. 999' (1968), 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' (1969) ಎಂಬ ದೊರೆ–ಭಗವಾನ್ ಜೋಡಿಯ ಪತ್ತೇದಾರಿ ಚಿತ್ರಗಳಲ್ಲಿ ಪಾಶ್ಚಾತ್ಯ ನೃತ್ಯಗೃಹದ ಸಂಗೀತ ಕನ್ನಡಕ್ಕೆ ಧಾರಾಳವಾಗಿ ಬಂತು. ಕಂಟೋನ್ಮೆಂಟಿನ ಕ್ಲಬ್ಬುಗಳಲ್ಲಿ ಕೇಳಿಸುತ್ತಿದ್ದ ಬ್ಯಾಂಡಿನ ನಾದ ಪೇಟೆಯ ಜನರ ಕಿವಿಗೆ ಬಿದ್ದದ್ದು ಬಹುಪಾಲು ಈ ಚಿತ್ರಗಳಿಂದ.

ವೆಂಕಟೇಶ್–ಶ್ರೀನಿವಾಸ್ ಜೋಡಿಯ ಶಿಖರ 1971 ಮತ್ತು 1972. 'ಕಸ್ತೂರಿ ನಿವಾಸ'ದ 'ಆಡಿಸಿ ನೋಡು' ಹಾಡಿನಲ್ಲಿ ಬೀಳಿಸಿದರೂ ಮತ್ತೆ ಎದ್ದು ನಿಲ್ಲುವ ಬೊಂಬೆಯ ಚಿತ್ರವಿದೆ. ಗಾಯಕ ಅದನ್ನು ಆಟದ ಲಯದಲ್ಲಿ ಎತ್ತಿಕೊಂಡು ನಿಧಾನಕ್ಕೆ ಒಬ್ಬ ದಾನಿಯ ಬದುಕಿನ ತೂಕವನ್ನು ಅದರ ಮೇಲೆ ಹೊರಿಸುತ್ತಾರೆ, ದನಿ ಭಾರವಾಗದಂತೆ. ಮರುವರ್ಷ ಬಂದ ಸಿದ್ಧಲಿಂಗಯ್ಯ ನಿರ್ದೇಶನದ 'ಬಂಗಾರದ ಮನುಷ್ಯ', ಟಿ. ಕೆ. ರಾಮರಾವ್ ಅವರ ಕಾದಂಬರಿಯ ಚಿತ್ರ, ಮೆಜೆಸ್ಟಿಕ್ಕಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. 'ನಗು ನಗುತಾ ನಲಿ'ಯ ಹಗುರ, 'ಆಗದು ಎಂದು' ಹಾಡಿನ ಹಟ, ಪಿ. ಸುಶೀಲ ಅವರ ಜೊತೆಗಿನ 'ಆಹಾ ಮೈಸೂರು ಮಲ್ಲಿಗೆ'ಯ ಸರಸ, ಮೂರೂ ಒಂದೇ ಚಿತ್ರದವು, ಒಂದೇ ಗಂಟಲಿನವು. ಓದಿದವರು ಹಳ್ಳಿಗೆ ಹೋಗಿ ನೆಲ ಉಳಬೇಕೆಂದು ಹೊರಟ ಕಥೆಗೆ ಪ್ರೇಕ್ಷಕರು ಅಷ್ಟು ಕಾಲ ಮರಳಿ ಮರಳಿ ಬಂದದ್ದರಲ್ಲಿ ಈ ಹಾಡುಗಳ ಪಾಲು ದೊಡ್ಡದೆಂದೇ ಹೇಳಬೇಕು.

ಬೆಂಗಳೂರಿನವರೇ ಆದ ವಿಜಯಭಾಸ್ಕರ್ ಇದೇ ದನಿಯನ್ನು ಕವಿತೆಯ ಕಡೆಗೆ ಒಯ್ದರು. ಎನ್. ಲಕ್ಷ್ಮೀನಾರಾಯಣ್ ಅವರ 'ನಾಂದಿ' (1964) ಕಿವಿ ಕೇಳದ, ಮಾತು ಬಾರದವರ ಬದುಕಿನ ಚಿತ್ರ. ಆರ್. ಎನ್. ಜಯಗೋಪಾಲ್ ಬರೆದ 'ಹಾಡೊಂದ ಹಾಡುವೆ' ಅಲ್ಲಿ ತಂದೆಯೊಬ್ಬ ಮಗುವಿಗೆ ಹೇಳುವ ಕಥೆ. ಲಾಲಿಹಾಡಿಗಿಂತ ಒಂದು ಹೆಜ್ಜೆ ಆಚೆಗೆ, ಮಾತಿಗಿಂತ ಒಂದು ಹೆಜ್ಜೆ ಈಚೆಗೆ ಅದನ್ನು ಹಾಡಲಾಗಿದೆ. ಶ್ರೀನಿವಾಸ್ ಅವರನ್ನು ಮೊದಲ ಸಲ ಕೇಳುವವರು ಈ ಹಾಡಿನಿಂದ ಶುರುಮಾಡುವುದು ಒಳ್ಳೆಯದು. ಪುಟ್ಟಣ್ಣ ಕಣಗಾಲರ 'ಶರಪಂಜರ'ದಲ್ಲಿ (1971) ಬೇಂದ್ರೆಯವರ 'ಉತ್ತರ ಧ್ರುವದಿಂ' ಕವಿತೆ ಸುಶೀಲ ಮತ್ತು ಶ್ರೀನಿವಾಸ್ ಅವರ ಯುಗಳವಾಯಿತು. ಕಗ್ಗಂಟಿನ ಪದಬಂಧ, ಅದನ್ನು ಎಲ್ಲಿಯೂ ತೊಡರದೆ ಪ್ರಣಯಗೀತೆಯಾಗಿ ಹಾಡಿ, ಧಾರವಾಡದ ಕವಿಯನ್ನು ಗಾಂಧಿನಗರದ ಪ್ರೇಕ್ಷಕನಿಗೆ ಕಂಠಪಾಠ ಮಾಡಿಸಿದ ಶ್ರೇಯಸ್ಸು ವಿಜಯಭಾಸ್ಕರ್ ಸೇರಿ ಮೂವರಿಗೂ ಸಲ್ಲಬೇಕು. ಅದೇ ನಿರ್ದೇಶಕರ 'ನಾಗರಹಾವು' (1972) ಇನ್ನೂ ಕುತೂಹಲದ್ದು. ಒನಕೆ ಓಬವ್ವನ ಕಥೆ ಹೇಳುವ 'ಕನ್ನಡ ನಾಡಿನ ವೀರ ರಮಣಿಯ' ಲಾವಣಿಯೂ ಚಿತ್ರದುರ್ಗದ ಬಂಡೆಗಳ ನಡುವಿನ 'ಬಾರೆ ಬಾರೆ' ಪ್ರಣಯಗೀತೆಯೂ ಇವರವೇ. ಆದರೆ ನಾಯಕ ರಾಮಾಚಾರಿಯ ಸಿಟ್ಟಿನ 'ಹಾವಿನ ದ್ವೇಷ'ವನ್ನು ವಿಜಯಭಾಸ್ಕರ್ ಹಾಡಿಸಿದ್ದು ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಂದ. ತಲೆಮಾರು ಬದಲಾಗುತ್ತಿರುವುದು ಆ ಒಂದೇ ಚಿತ್ರದಲ್ಲಿ ಕಿವಿಗೆ ಸ್ಪಷ್ಟವಾಗುತ್ತದೆ. ಎಸ್ಪಿಬಿ ತೆಲುಗಿನಲ್ಲಿ ಮೊದಲು ಹಾಡಿದ 'ಶ್ರೀ ಶ್ರೀ ಶ್ರೀ ಮರ್ಯಾದ ರಾಮನ್ನ' ಚಿತ್ರದ ಹಾಡಿನಲ್ಲಿ ಜೊತೆಗಿದ್ದವರಲ್ಲಿ ಶ್ರೀನಿವಾಸ್ ಕೂಡ ಒಬ್ಬರು ಎಂಬುದನ್ನು ಇಲ್ಲಿ ನೆನೆಯಬಹುದು.

ಮೈಸೂರಿನ ಸೋದರರಾದ ರಾಜನ್–ನಾಗೇಂದ್ರ ಮಾಧುರ್ಯಕ್ಕೆ ಹೆಸರಾದವರು. 'ಗಂಧದ ಗುಡಿ'ಯ (1973) 'ನಾವಾಡುವ ನುಡಿಯೇ' ಚಿ. ಉದಯಶಂಕರ್ ಬರೆದದ್ದು. ನಾಡಗೀತೆಯ ಧಾಟಿಯಲ್ಲಿ ಎದೆ ಸೆಟೆದು ಹಾಡದೆ, ದಾರಿಯಲ್ಲಿ ಹೋಗುತ್ತಾ ಸಂತೋಷಕ್ಕೆ ಗುನುಗಿಕೊಂಡಂತೆ ಹಾಡಿದ್ದರಿಂದಲೇ ಅದು ಶಾಲೆಯ ಮಕ್ಕಳ ಬಾಯಿಗೂ ಸುಲಭವಾಗಿ ಬಂತು. ನಾಡಿನ ಹಿರಿಮೆಯನ್ನು ಸಾರುವ ಇನ್ನೊಂದು ಹಾಡು, 'ವಿಜಯನಗರದ ವೀರಪುತ್ರ' ಚಿತ್ರದ (1961) 'ಅಪಾರ ಕೀರ್ತಿ', ವಿಶ್ವನಾಥನ್–ರಾಮಮೂರ್ತಿ ಸಂಗೀತದ್ದು, ಪೂರ್ತಿ ಬೇರೆ ಬಗೆ; ಅಲ್ಲಿ ದನಿ ಏರುತ್ತದೆ, ಆದರೂ ಗಡುಸಾಗುವುದಿಲ್ಲ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಗಾಯಕನ ಹರವು ತಿಳಿಯುತ್ತದೆ. 'ಎರಡು ಕನಸು' (1974) ಚಿತ್ರಕ್ಕಾಗಿ ರಾಜನ್–ನಾಗೇಂದ್ರ ಇವರಿಂದ ಎಸ್. ಜಾನಕಿ ಜೊತೆ 'ತಂ ನಂ', ವಾಣಿ ಜಯರಾಂ ಜೊತೆ 'ಎಂದೆಂದೂ ನಿನ್ನನು' ಹಾಡಿಸಿದರು. ವೈಣಿಕರಾದ ಎಂ. ರಂಗರಾವ್ 'ಸಾಕ್ಷಾತ್ಕಾರ'ದಲ್ಲಿ (1971) 'ಒಲವೆ ಜೀವನ ಸಾಕ್ಷಾತ್ಕಾರ'ವನ್ನು ಕೊಟ್ಟರು.

ಮಿತಿಯೂ ಇತ್ತು, ಅದನ್ನು ಸಂಗೀತ ನಿರ್ದೇಶಕರು ಬಲ್ಲವರಾಗಿದ್ದರು. ಅ. ನ. ಕೃಷ್ಣರಾಯರ ಕಾದಂಬರಿಯ ಚಿತ್ರ 'ಸಂಧ್ಯಾರಾಗ' (1966) ಸಂಗೀತಗಾರನ ಕಥೆ. ಅಲ್ಲಿನ ಶಾಸ್ತ್ರೀಯ ಹಾಡಿಕೆಯ ಭಾರವನ್ನು ಹೊತ್ತವರು ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ. ಕಚೇರಿಯ ಆಲಾಪ, ಬಿರುಸಿನ ತಾನಗಳು ಶ್ರೀನಿವಾಸ್ ಅವರ ಕ್ಷೇತ್ರವಲ್ಲ, ಅವರು ಹಾಗೆಂದು ಹೇಳಿಕೊಂಡವರೂ ಅಲ್ಲ.

ಜೊತೆಗಾರ್ತಿಯರು

ಯುಗಳಗೀತೆಯಲ್ಲಿ ಇವರು ಎಂದೂ ಎದುರಿನ ದನಿಯನ್ನು ಮುಚ್ಚಲಿಲ್ಲ. ಸುಶೀಲ ಅವರ ಜೊತೆ ಹಾಡುವಾಗ ಎರಡೂ ದನಿಗಳು ನೇರ, ನಿರಾಭರಣ. ಜಾನಕಿ ಅವರು ನಗು, ಉಸಿರು, ತೊದಲು ಎಲ್ಲವನ್ನೂ ಹಾಡಿಗೆ ತರುವವರು. ಅಲ್ಲಿ ಶ್ರೀನಿವಾಸ್ ಶ್ರುತಿ ಹಿಡಿದ ತಂಬೂರಿಯ ಹಾಗೆ ನಿಂತು ಅವರಿಗೆ ಜಾಗ ಬಿಡುತ್ತಾರೆ. ಈ ಜೋಡಿಯ ಒಂದು ಅಪರೂಪದ ಧ್ವನಿಮುದ್ರಣ ಸಿನಿಮಾದ ಹೊರಗಿನದು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸಂಭ್ರಮಕ್ಕೆ ಶ್ರೀನಿವಾಸ್ 'ಮ್ಯಾನ್ ಟು ಮೂನ್' ಮತ್ತು 'ಮೂನ್ ಟು ಗಾಡ್' ಎಂಬ ಇಂಗ್ಲಿಷ್ ಹಾಡುಗಳನ್ನು ಬರೆದು, ಜಾನಕಿ ಅವರ ಜೊತೆ ಹಾಡಿ ಪ್ಲೇಟು ಹೊರತಂದರು. ದಕ್ಷಿಣದ ಇಬ್ಬರು ಚಿತ್ರಗಾಯಕರು ಪಾಪ್ ಸಂಗೀತಕ್ಕೆ ಇಟ್ಟ ಈ ಹೆಜ್ಜೆಯನ್ನು ಸಂಗ್ರಾಹಕರು ಈಗಲೂ ಹುಡುಕುತ್ತಾರೆ.

1974ರ ನಂತರ

'ಸಂಪತ್ತಿಗೆ ಸವಾಲ್' (1974) ಚಿತ್ರದಲ್ಲಿ ವೆಂಕಟೇಶ್ ಅವರು ಎಮ್ಮೆಯ ಮೇಲಿನ ಹಾಡನ್ನು ರಾಜ್‌ಕುಮಾರ್ ಅವರಿಂದಲೇ ಹಾಡಿಸಿದರು. ರಾಜ್‌ಕುಮಾರ್ ಅದಕ್ಕೆ ಮುಂಚೆ 'ಮಹಿಷಾಸುರ ಮರ್ದಿನಿ'ಯಲ್ಲಿ (1959) ಜಾನಕಿ ಜೊತೆ ಹಾಡಿದ್ದುಂಟು. ಆದರೆ ಈ ಹಾಡು ಬಿರುಗಾಳಿಯಂತೆ ಹಬ್ಬಿ, ನಟನೇ ತನ್ನ ಪಾತ್ರಕ್ಕೆ ಹಾಡುವುದು ವಾಡಿಕೆಯಾಯಿತು. ಇತರ ನಾಯಕರಿಗೆ ಎಸ್ಪಿಬಿ ಇದ್ದರು. ಹೀಗೆ 44ನೆಯ ವಯಸ್ಸಿಗೆ, ದನಿ ಇನ್ನೂ ಮಾಗುತ್ತಿದ್ದಾಗಲೇ, ಶ್ರೀನಿವಾಸ್ ಅವರಿಗೆ ಕನ್ನಡದಲ್ಲಿ ಕೆಲಸ ತೀರ ಕಡಿಮೆಯಾಯಿತು. ರಾಜ್‌ಕುಮಾರ್ ಹಾಡುಗಳು ಎಷ್ಟೇ ಪ್ರಿಯವಾಗಿರಲಿ, ಇದು ಕನ್ನಡ ಸಂಗೀತಕ್ಕಾದ ನಷ್ಟವೇ ಸರಿ. ಅವರು ಅದನ್ನು ಎಂದೂ ಕಹಿಯಾಗಿ ಆಡಿಕೊಳ್ಳಲಿಲ್ಲ. ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಕವಿತೆ ಬರೆದರು, ಗಜಲ್ ಕಟ್ಟಿದರು, 'ನವನೀತ ಸುಮಸುಧಾ' ಎಂಬ ರಾಗ ರೂಪಿಸಿದರು. ತಲೆಯ ಮೇಲೆ ಜರಿಯ ಪೇಟ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು, ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್–ಇನ್ ಹೋಟೆಲಿನ ಮೇಜು: ಕೊನೆಯ ದಶಕಗಳಲ್ಲಿ ಅವರನ್ನು ಕಂಡವರು ಹೇಳುವ ಚಿತ್ರ ಇದು. 2013ರ ಏಪ್ರಿಲ್ 14ರಂದು ಚೆನ್ನೈಯಲ್ಲಿ ತೀರಿಕೊಂಡರು.

ಧ್ವನಿಮುದ್ರಣಗಳ ಸ್ಥಿತಿ

ಮೊದಲ ಹಾಡುಗಳು 78 ಸುತ್ತಿನ ಅರಗಿನ ಪ್ಲೇಟುಗಳಲ್ಲಿ ಬಂದವು. ಪಕ್ಕಕ್ಕೆ ಮೂರೂವರೆ ನಿಮಿಷದ ಆಸುಪಾಸು. ಆ ಕಾಲದ ಹಾಡುಗಳ ಉದ್ದವನ್ನು ನಿರ್ಧರಿಸಿದ್ದೇ ಈ ಮಿತಿ. 1960ರ ದಶಕದಿಂದ 45 ಸುತ್ತಿನ ಇ.ಪಿ.ಗಳು, ಆಮೇಲೆ ಎಲ್.ಪಿ.ಗಳು ಬಂದವು, ಎಚ್.ಎಂ.ವಿ., ಕೊಲಂಬಿಯಾ, ಓಡಿಯನ್ ಮುದ್ರೆಗಳೆಲ್ಲ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾದವೇ. ಕ್ಯಾಸೆಟ್ ಬಂದಾಗ ಹಳೆಯ ಹಾಡುಗಳನ್ನು ಸಂಕಲಿಸಿ ಮತ್ತೆ ಬಿಟ್ಟರು, ಆದರೆ ಅನೇಕ ಕ್ಯಾಸೆಟ್ಟುಗಳಲ್ಲಿ ಕೃತಕ ಪ್ರತಿಧ್ವನಿ ಸೇರಿ ದನಿಯ ಸಾಮೀಪ್ಯ ಕೆಟ್ಟಿತು. ಮೂಲ ಇ.ಪಿ. ಸಿಕ್ಕರೆ ಅದನ್ನೇ ಕೇಳುವುದು ಮೇಲು. ಈ ಹಾಡುಗಳನ್ನು ಜನ ಮೊದಲು ಕೇಳಿದ ಮೆಜೆಸ್ಟಿಕ್ಕಿನ ಚಿತ್ರಮಂದಿರಗಳೂ ಬದಲಾಗಿವೆ: ಸ್ಟೇಟ್ಸ್ ಭೂಮಿಕಾ ಎಂದು ಹೆಸರು ಬದಲಿಸಿಕೊಂಡಿತು, ಅಲಂಕಾರ್ ಇದ್ದ ಜಾಗದಲ್ಲಿ ಅಂಗಡಿಗಳ ಸಂಕೀರ್ಣವಿದೆ, ಕಪಾಲಿಯನ್ನು ಕೆಡವಲಾಗಿದೆ. ಆದರೆ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆಗೆ ಬಂತು.

ಪ್ಲೇಟಿನ ಮೇಲಾಗಲಿ ಪದ್ಯಾವಳಿಯಲ್ಲಾಗಲಿ ವಾದ್ಯಗಾರರ ಹೆಸರು ಅಚ್ಚಾಗುತ್ತಿರಲಿಲ್ಲ. ಅಕಾರ್ಡಿಯನ್, ಕೊಳಲು, ಪಿಟೀಲು ನುಡಿಸಿದವರು ಯಾರು, ಯಾವ ಹಾಡಿನ ವಾದ್ಯಸಂಯೋಜನೆ ಯಾರದು, ಯಾವ ದಿನ ಯಾವ ಸ್ಟುಡಿಯೋದಲ್ಲಿ ಮುದ್ರಣವಾಯಿತು ಎಂಬ ವಿವರಗಳು ಸಂಗೀತ ನಿರ್ದೇಶಕರ ಮನೆಗಳ ನೋಟುಪುಸ್ತಕಗಳಲ್ಲಿ, ಬದುಕಿರುವ ವಾದ್ಯಗಾರರ ನೆನಪಿನಲ್ಲಿ ಚದುರಿ ಬಿದ್ದಿವೆ. ಅಮೆರಿಕದ ಜಾಜ್ ಗಾಯಕರ ಒಂದೊಂದು ಮುದ್ರಣಕ್ಕೂ ದಿನಾಂಕ, ಸ್ಥಳ, ವಾದ್ಯವೃಂದದ ಪಟ್ಟಿ ಸಿದ್ಧವಿದೆ. ಅಂಥ ಧ್ವನಿಮುದ್ರಿಕಾ ಸೂಚಿಯೊಂದು ಶ್ರೀನಿವಾಸ್ ಅವರ ಕನ್ನಡ ಹಾಡುಗಳಿಗೂ ಆಗಬೇಕು. ಅದಕ್ಕೆ ಕೈಹಚ್ಚುವವರು ಮೊದಲು ಹೋಗಬೇಕಾದದ್ದು ಚೆನ್ನೈಯ ವಾದ್ಯಗಾರರ ಮನೆಗಳಿಗೆ, ಆಮೇಲೆ ಬೆಂಗಳೂರಿನ ಪ್ಲೇಟು ಮತ್ತು ಪದ್ಯಾವಳಿ ಸಂಗ್ರಾಹಕರ ಬಳಿಗೆ.